ಬೈಲಪ್ಪ ಮೇಷ್ಟ್ರ ಡಸ್ಟರು

ನಮ್ಮ ಬೀದಿಯಲ್ಲಿ ಕರೆಂಟು ಹೋದರೆ ಜನ ಮಾತು ನಿಲ್ಲಿಸುತ್ತಾರೆ. ಬೇರೆ ಕಡೆ ಹಾಗಲ್ಲವಂತೆ. ಸುತ್ತಲಿನ ಹಳ್ಳಿಗಳಲ್ಲಿ, ದೊಡ್ಡಬೆಳವಂಗಲದಲ್ಲೋ ಮಧುರೆಯಲ್ಲೋ, ಕರೆಂಟು ಹೋದರೆ ಜನ ಜಗುಲಿಗೆ ಬಂದು ಕೂತು ಹರಟೆ ಶುರು ಮಾಡುತ್ತಾರಂತೆ. ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಮನೆಗೆ ಎರಡೋ ನಾಲ್ಕೋ ವಿದ್ಯುತ್ ಮಗ್ಗ. ಬೆಳಗ್ಗೆ ಹಾಕಿದ ಸ್ವಿಚ್ಚು ಊಟದ ಹೊತ್ತಿಗೊಮ್ಮೆ ಆರಿದರೆ ಹೆಚ್ಚು. ಆ ಖಟಖಟದೊಳಗೇ ನಾವು ಹುಟ್ಟುತ್ತೇವೆ, ಜಗಳವಾಡುತ್ತೇವೆ, ಮದುವೆ ಮಾತು ಮುಗಿಸುತ್ತೇವೆ. ಸದ್ದಿದ್ದಾಗ ಆಡಿದ ಮಾತು ಯಾರಿಗೆ ಆಡಿದೆವೋ ಅವರೊಬ್ಬರಿಗೇ ಕೇಳುತ್ತದೆ. ಸದ್ದು ನಿಂತಿತೋ, ಪಕ್ಕದ ಮನೆಗೂ ಕೇಳುತ್ತದೆ, ಎದುರು ಮನೆಗೂ ಕೇಳುತ್ತದೆ. ಹಾಗಾಗಿ ಕರೆಂಟು ಹೋದ ಕೂಡಲೇ ಬಾಯಿ ಮುಚ್ಚುವುದು ನಮಗೆ ಯಾರೂ ಹೇಳಿಕೊಡದೆ ಬಂದ ಅಭ್ಯಾಸ.

ನಾನು ಮೇಘನ, ಮಗ್ಗದ ಸಂಜೀವಪ್ಪನವರ ಮೊಮ್ಮಗಳು. ಬೀದಿಯ ತುದಿಯ ಸರ್ಕಾರಿ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದೆ. ಈಗ ಅದೇ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಹೆಸರೇನೋ ಚೆನ್ನಾಗಿದೆ, ಯಾವಾಗ ಬೇಕಾದರೂ ಮನೆಗೆ ಕಳಿಸಬಹುದಾದ ಅತಿಥಿ. ನಾನು ಬಂದದ್ದು ಬೈಲಪ್ಪ ಮೇಷ್ಟ್ರ ಜಾಗಕ್ಕೆ. ಅವರು ಕಳೆದ ದಸರಾ ರಜೆಯಲ್ಲಿ ಎದೆನೋವು ಬಂದು ತೀರಿಕೊಂಡರು.

ಬೈಲಪ್ಪ ಮೇಷ್ಟ್ರು ನೇಕಾರರಲ್ಲ. ದೊಡ್ಡಬೆಳವಂಗಲದ ರಾಗಿ ಹೊಲದ ಮನುಷ್ಯ, ದಿನಾ ಮೊಪೆಡ್ಡಿನಲ್ಲಿ ಬರುತ್ತಿದ್ದರು. ಬಂದ ಹೊಸತರಲ್ಲಿ ನಮ್ಮ ಬೀದಿಯ ಮಕ್ಕಳನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತಂತೆ. ಎಬ್ಬಿಸಿ ನಿಲ್ಲಿಸಿದರೆ ತಮ್ಮ ಹೆಸರು ಹೇಳುವುದಕ್ಕೂ ಬಾಯಿ ಬಿಡದ ಮಕ್ಕಳು. ಕಿವಿ ಹಿಂಡಿದರು, ಬೆಂಚಿನ ಮೇಲೆ ನಿಲ್ಲಿಸಿದರು, ಏನೂ ಆಗಲಿಲ್ಲ. ಒಂದು ವರ್ಷ ಹೀಗೇ ಹೋದ ಮೇಲೆ, ಶಾಲೆಗೆ ಬಾರದ ಯಾವುದೋ ಮಗುವನ್ನು ವಿಚಾರಿಸಲು ನಮ್ಮ ತಾತನ ಮನೆಗೆ ಬಂದರು. ಅಲ್ಲಿ ಮಗ್ಗಗಳ ನಡುವೆ ಅದೇ ಮಕ್ಕಳು ಬಡಬಡನೆ ಮಾತಾಡುತ್ತಿದ್ದವು. ತಾತ ಮೇಷ್ಟ್ರನ್ನು ಕಂಡು ಮರ್ಯಾದೆಗೆ ಸ್ವಿಚ್ಚು ಆರಿಸಿದರು. ಮಕ್ಕಳ ಬಾಯಿ ಅದೇ ಕ್ಷಣ ಬಂದ್. ಮೇಷ್ಟ್ರು ಬಾಗಿಲಲ್ಲೇ ನಿಂತು, ಇನ್ನೊಂದು ಸಲ ಹಾಕಿ, ಇನ್ನೊಂದು ಸಲ ಆರಿಸಿ ಎಂದರಂತೆ. ಈ ಮನುಷ್ಯನಿಗೆ ತಲೆ ನೆಟ್ಟಗಿಲ್ಲ ಎಂದು ತಾತ ಆಮೇಲೆ ಅಜ್ಜಿಯ ಹತ್ತಿರ ಹೇಳಿದರು.

ಮಗ್ಗ ಆರಿಸುವ ಮರ್ಯಾದೆಯ ಬಗ್ಗೆ ಒಂದು ಮಾತು ಹೇಳಬೇಕು. ದೊಡ್ಡವರು ಮನೆಗೆ ಬಂದರೆ ನಮ್ಮಲ್ಲಿ ನೇಯುತ್ತಿರುವ ಮಗ್ಗವನ್ನು ನಿಲ್ಲಿಸುತ್ತಾರೆ. ನಡುವೆ ನಿಂತ ಮಗ್ಗ ಸೀರೆಯ ಮೇಲೆ ಒಂದು ಸಣ್ಣ ಗೆರೆ ಉಳಿಸುತ್ತದೆ, ತಿಳಿದವರ ಕಣ್ಣಿಗೆ ಅದು ಬಿದ್ದೇ ಬೀಳುತ್ತದೆ. ಗೆರೆ ಬಿದ್ದರೆ ಬೀಳಲಿ, ನೀವು ಬಂದಿದ್ದೀರಿ ಎಂದು ಹೇಳುವ ರೀತಿ ಅದು. ಹಾಗೆಂದು ಸಿಕ್ಕಸಿಕ್ಕವರಿಗೆಲ್ಲ ನಿಲ್ಲಿಸುವುದಿಲ್ಲ. ನೆಂಟರಿಗೂ ನಿಲ್ಲಿಸುವುದಿಲ್ಲ.

ಮಾರನೆಯ ದಿನದಿಂದ ಮೇಷ್ಟ್ರು ಡಸ್ಟರನ್ನು ಬೇರೆ ಕೆಲಸಕ್ಕೆ ಹಚ್ಚಿದರು. ಒಂದು ಮಗುವನ್ನು ಎಬ್ಬಿಸಿ ಮುಂದೆ ನಿಲ್ಲಿಸಿ, ತಾವು ತರಗತಿಯ ಹಿಂದಕ್ಕೆ ಹೋಗಿ, ಹಳೆಯ ಮರದ ಬೀರುವಿನ ಬಾಗಿಲಿಗೆ ಡಸ್ಟರಿನ ಬೆನ್ನಿನಿಂದ ಬಡಿಯತೊಡಗಿದರು. ಟಕ ಟಕ, ಟಕ ಟಕ, ಮಗ್ಗದ ವೇಗದಲ್ಲೇ. ಆ ಸದ್ದು ಕಿವಿಗೆ ಬಿದ್ದರೆ ಮಗುವಿಗೆ ಮನೆಗೆ ಬಂದ ಹಾಗಾಗಿ ಬಾಯಿ ತಾನಾಗಿ ಬಿಚ್ಚುತ್ತಿತ್ತು. ಪಾಠ ಒಪ್ಪಿಸಿದರೂ ಸರಿ, ಮನೆಯಲ್ಲಿ ಬೆಕ್ಕು ಮರಿ ಹಾಕಿದ್ದನ್ನು ಹೇಳಿದರೂ ಸರಿ. ದಿನ ಕಳೆದಂತೆ ಏಟು ನಿಧಾನವಾಗುತ್ತಿತ್ತು, ಮೆತ್ತಗಾಗುತ್ತಿತ್ತು. ಕಡೆಗೊಂದು ದಿನ ಯಾವಾಗಲೋ ನಿಂತೇ ಹೋಗಿರುತ್ತಿತ್ತು, ಮಗು ಮಾತ್ರ ಹೇಳುತ್ತಲೇ ಇರುತ್ತಿತ್ತು. ಮುಗಿಸಿ ತಲೆ ಎತ್ತಿದರೆ ಡಸ್ಟರು ಬೀರುವಿನ ಮೇಲೆ ಇರುತ್ತಿತ್ತು, ಮೇಷ್ಟ್ರು ಎರಡೂ ಅಂಗೈ ಬಿಚ್ಚಿ ತೋರಿಸುತ್ತಿದ್ದರು.

"ನಾನು ಆಗ್ಲೇ ನಿಲ್ಸಿದ್ದೆ ಕಣಮ್ಮ."

ಆ ಮಾತು ಕೇಳಿಸಿಕೊಂಡವರು ಮೇಷ್ಟ್ರ ಪ್ರಕಾರ ಪಾಸು. ಅಲ್ಲಿಂದ ಮುಂದೆ ಅವರಿಗೆ ಹೊರಗಿನ ಕೆಲಸ. ಬಸ್ ಸ್ಟ್ಯಾಂಡಿಗೆ ಹೋಗಿ ಘಾಟಿ ದೇವಸ್ಥಾನದ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿ ಬರಬೇಕು. ರೇಷನ್ ಅಂಗಡಿಯಲ್ಲಿ ತೂಕ ಸರಿಯಿಲ್ಲ ಎನ್ನಿಸಿದರೆ ಇನ್ನೊಮ್ಮೆ ತೂಗಿ ಎಂದು ಕೇಳಬೇಕು. ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರೆ ಡಾಕ್ಟರ ಹತ್ತಿರ ಮಾತ್ರೆ ಊಟದ ಮುಂಚೆಯೋ ಆಮೇಲೋ ಎಂದು ಬಾಯಿ ಬಿಟ್ಟು ಕೇಳಬೇಕು. ರೇಷನ್ ಅಂಗಡಿಯವನು ಮೇಷ್ಟ್ರನ್ನು ದಾರಿಯಲ್ಲಿ ಕಂಡರೆ ಮುಖ ಗಂಟು ಹಾಕುತ್ತಿದ್ದ. ಅದನ್ನು ಅವರು ದೊಡ್ಡ ಬಹುಮಾನ ಬಂದಂತೆ ನಮಗೆ ಹೇಳುತ್ತಿದ್ದರು.

ನನಗೆ ಮಾತ್ರ ಆ ಮಾತು ಸಿಗಲಿಲ್ಲ. ಮಿಕ್ಕ ಮಕ್ಕಳು ತಮ್ಮ ಮಾತಿನಲ್ಲಿ ಮುಳುಗಿ ಸದ್ದನ್ನು ಮರೆಯುತ್ತಿದ್ದರು. ನಾನು ಮಾತಾಡುತ್ತಾ ಸದ್ದನ್ನೇ ಕೇಳುತ್ತಿದ್ದೆ. ಏಟು ಸ್ವಲ್ಪ ತಡವಾದರೂ ನನ್ನ ನಾಲಗೆ ಅಂಟಿಕೊಳ್ಳುತ್ತಿತ್ತು. ಮೇಷ್ಟ್ರು ಮತ್ತೆ ಬಡಿಯುವರು, ನಾನು ಮತ್ತೆ ಶುರು ಮಾಡುವೆ. ಏಳನೇ ತರಗತಿ ಮುಗಿಯಿತು. ಬೀಳ್ಕೊಡುಗೆಯ ದಿನ ಸಿಹಿ ಹಂಚುತ್ತಾ ನನ್ನ ಹತ್ತಿರ ಬಂದು, "ನಿಂದೊಂದು ಬಾಕಿ ಉಳೀತು ಕಣಮ್ಮ ಮೇಘನ. ನಾನೆಲ್ಲೂ ಹೋಗಲ್ಲ, ಬಾ" ಎಂದರು. ಬಡ್ತಿ ಬಂದರೂ ಬೇಡವೆಂದು ಅದೇ ಶಾಲೆಯಲ್ಲಿ ಉಳಿದ ಮನುಷ್ಯ, ಅವರು ಹೋಗುವುದಿಲ್ಲ ಎಂದರೆ ಹೋಗುವುದಿಲ್ಲ. ನಾನು ನಾಳೆ ಹೋದರಾಯಿತು, ನಾಡಿದ್ದು ಹೋದರಾಯಿತು ಎನ್ನುತ್ತಾ ಓದಿ, ಟ್ರೇನಿಂಗ್ ಮುಗಿಸಿ, ದೊಡ್ಡವಳಾದೆ. ಕಿರುಗುಟ್ಟುವ ಫ್ಯಾನು ಇರುವ ಕೊಠಡಿಯಾದರೆ ಪರೀಕ್ಷೆಯ ಪಾಠ ಚೆನ್ನಾಗಿಯೇ ಮಾಡುತ್ತಿದ್ದೆ.

ಮೇಷ್ಟ್ರು ತೀರಿಕೊಂಡ ಸುದ್ದಿ ಬಂದ ಬೆಳಗ್ಗೆ ನಮ್ಮ ಬೀದಿಯಲ್ಲಿ ಒಂದೊಂದೇ ಮಗ್ಗ ನಿಂತಿತು. ಬೀದಿಯಲ್ಲಿ ಸಾವಾದರೆ ಹೆಣ ಎತ್ತುವವರೆಗೆ ಮಗ್ಗ ಹಾಕುವುದಿಲ್ಲ. ಆದರೆ ಮೇಷ್ಟ್ರು ನಮ್ಮ ಬೀದಿಯವರಲ್ಲ, ನಮ್ಮ ಜಾತಿಯವರೂ ಅಲ್ಲ, ಹೆಣ ಇದ್ದದ್ದು ದೊಡ್ಡಬೆಳವಂಗಲದಲ್ಲಿ. ಯಾರೂ ಯಾರಿಗೂ ಹೇಳಲಿಲ್ಲ, ಆದರೂ ನಿಂತವು. ಅವತ್ತಿನ ಸೀರೆಗಳ ಮೇಲೆಲ್ಲ ಗೆರೆ ಬಿದ್ದಿತು.

ಶಾಲೆ ತೆರೆದ ಮೇಲೆ ಶ್ರದ್ಧಾಂಜಲಿ ಸಭೆ ಮಾಡಿದರು. ಓದಿದ ಹುಡುಗಿ ಎಂದು ಹಳೆಯ ವಿದ್ಯಾರ್ಥಿಗಳ ಪರವಾಗಿ ಮಾತಾಡಲು ನನ್ನನ್ನು ಕರೆದರು. ಕರೆಂಟಿರಲಿಲ್ಲ, ಮೈಕಿರಲಿಲ್ಲ, ಫ್ಯಾನಿರಲಿಲ್ಲ. ನಾನು ಎದ್ದು ನಿಂತು ಅವರ ಫೋಟೋ ನೋಡಿದೆ. ಅಷ್ಟು ಜನ ನನ್ನ ಬಾಯಿ ನೋಡುತ್ತಿದ್ದರು. ಆಗ ಕೋಣೆಯ ಹಿಂದಿನಿಂದ ಸದ್ದು ಬಂತು. ಟಕ ಟಕ. ಟಕ ಟಕ. ನಾನು ಒಂದೂ ಮಾತಾಡದೆ ಸೀರೆ ಸೆರಗು ಬಾಯಿಗೆ ಹಿಡಿದು ಹೊರಗೆ ಬಂದುಬಿಟ್ಟೆ. ಪಾಪ, ದುಃಖ ತಡೆಯಲಾಗಲಿಲ್ಲ ಎಂದು ಎಲ್ಲರೂ ಅಂದುಕೊಂಡರು. ಮುಖ್ಯೋಪಾಧ್ಯಾಯಿನಿ ಅನಸೂಯ ಮೇಡಂ ಆ ದುಃಖಕ್ಕೆ ಮೆಚ್ಚಿಯೇ ನನಗೆ ಈ ಕೆಲಸ ಕೊಡಿಸಿದ್ದು. ನನಗೆ ಬಂದದ್ದು ದುಃಖವಲ್ಲ, ಭಯ.

ಕೆಲಸಕ್ಕೆ ಸೇರಿದ ಮೇಲೆ ನಾನು ಮಾಡಿದ ಮೊದಲ ಕೆಲಸ ಫ್ಯಾನು ಹಾಕುವುದು. ಕಾರ್ತಿಕ ಕಳೆದು ಚಳಿ ಬಂದರೂ ಹಾಕುತ್ತಿದ್ದೆ. ಮಕ್ಕಳು ಸ್ವೆಟರಿನೊಳಗೆ ಮುದುಡಿ ಕೂರುತ್ತಿದ್ದವು. ಮಿಸ್ಸಿಗೆ ಮೈಯಲ್ಲಿ ಉಷ್ಣ ಜಾಸ್ತಿ ಎಂದು ಅಡುಗೆಯ ಪಾಪಕ್ಕ ಮಜ್ಜಿಗೆ ಕುಡಿಯಲು ಹೇಳಿದಳು. ಫ್ಯಾನು ಕಿರುಗುಟ್ಟುತ್ತಿದ್ದರೆ ನನ್ನ ಪಾಠಕ್ಕೆ ತಡೆಯಿಲ್ಲ. ಆದರೆ ಕರೆಂಟು ಯಾರ ಅಪ್ಪನ ಮನೆಯದೂ ಅಲ್ಲ. ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ಹೋಯಿತು. ಫ್ಯಾನು ನಿಧಾನವಾಗಿ ಸುತ್ತಿ ನಿಂತಿತು, ಬೀದಿಯ ಮಗ್ಗಗಳೂ ನಿಂತವು, ನನ್ನ ವಾಕ್ಯ ಅರ್ಧದಲ್ಲಿ ನಿಂತಿತು. ಮೊದಲ ಬೆಂಚಿನಲ್ಲಿ ಯೋಗಾನಂದನ ಮಗಳು ರಮ್ಯ ಕೂತಿದ್ದಳು. ಅವಳನ್ನು ಎಬ್ಬಿಸಿ, ಮುಂದಿನದು ನೀನು ಓದು ಎಂದು ಹೇಳುವಷ್ಟರಲ್ಲಿ ಬೀರುವಿನಿಂದ ಟಕ ಟಕ ಬಂತು.

ಈ ಸಲ ನಾನೊಬ್ಬಳೇ ಕೇಳಲಿಲ್ಲ. ಇಡೀ ತರಗತಿ ಹಿಂದಕ್ಕೆ ತಿರುಗಿತು.

ಶಾಲೆ ಬಿಟ್ಟ ಮೇಲೆ ಗಟ್ಟಿ ಮನಸ್ಸು ಮಾಡಿ ಬೀರು ತೆಗೆದೆ. ಮೇಷ್ಟ್ರ ಡಸ್ಟರು ಮೇಲಿನ ಅರೆಯಲ್ಲೇ ಇತ್ತು, ಬಡಿದು ಬಡಿದು ಒಂದು ಅಂಚು ಸವೆದಿತ್ತು. ಮುಟ್ಟಿದೆ. ಬಿಸಿಲು ಬೀಳದ ಬೀರುವಿನೊಳಗೆ ಅದರ ಮರ ಯಾರೋ ಈಗಷ್ಟೇ ಹಿಡಿದು ಬಿಟ್ಟ ಹಾಗೆ ಬೆಚ್ಚಗಿತ್ತು. ಬಾಗಿಲು ಹಾಕಿ ಮನೆಗೆ ಬಂದೆ.

ಆಮೇಲೆ ಅದು ಮತ್ತೆ ಮತ್ತೆ ಬಂತು. ಯಾವಾಗ ಕರೆಂಟು ಹೋದರೂ ನಾನು ರಮ್ಯಳನ್ನೇ ಎಬ್ಬಿಸುತ್ತಿದ್ದೆ, ಅವಳು ಮುಂದಿನ ಬೆಂಚಿನವಳು, ಅಚ್ಚುಕಟ್ಟಾಗಿ ಓದುವವಳು. ಎಬ್ಬಿಸಿದಾಗೆಲ್ಲ ಬೀರು ಬಡಿಯುತ್ತಿತ್ತು. ನಾನು ಲೆಕ್ಕ ಹಾಕಿದೆ. ಮೇಷ್ಟ್ರು ಹೋಗುವ ಮುಂಚೆ ಡಸ್ಟರು ಬಡಿದು ಮಾತು ಕಲಿಸುತ್ತಿದ್ದದ್ದು ಕಡೆಯದಾಗಿ ರಮ್ಯಳಿಗೆ. ನನ್ನ ತರಗತಿಯಲ್ಲಿ ಅವಳು ತಾನಾಗಿ ಒಂದು ದಿನವೂ ಬಾಯಿ ತೆರೆದಿರಲಿಲ್ಲ. ಅಂದರೆ ಅವಳ ಪಾಠ ಅರ್ಧಕ್ಕೆ ನಿಂತಿದೆ, ಅದನ್ನು ಮುಗಿಸಲು ಮೇಷ್ಟ್ರು ಇನ್ನೂ ಇಲ್ಲೇ ಇದ್ದಾರೆ. ಹೆದರಿಕೆಯಲ್ಲೂ ನನಗೆ ಅಯ್ಯೋ ಎನ್ನಿಸಿತು. ಬಾಯಿ ತಡೆಯದೆ ಪಾಪಕ್ಕನ ಹತ್ತಿರ ಹೇಳಿದೆ. ಪಾಪಕ್ಕನಿಗೆ ಹೇಳುವುದೂ ಒಂದೇ, ಬೀದಿಗೆ ತಮಟೆ ಹೊಡೆಸುವುದೂ ಒಂದೇ.

ಸಂಕ್ರಾಂತಿ ಕಳೆದ ಮೇಲೆ ರಮ್ಯ ಶಾಲೆಗೆ ಬರಲಿಲ್ಲ. ಯೋಗಾನಂದ ಬಂದು ಅನಸೂಯ ಮೇಡಂ ಮುಂದೆ ಕೈಕಟ್ಟಿ ನಿಂತು, ಮಗಳನ್ನು ಇನ್ನು ಕಳಿಸುವುದಿಲ್ಲ ಎಂದ. ಅವನೂ ಬೈಲಪ್ಪ ಮೇಷ್ಟ್ರ ಹತ್ತಿರವೇ ಓದಿದವನು. ನಾನು ಬಾಗಿಲ ಬಳಿ ನಿಂತು ಕೇಳಿಸಿಕೊಂಡೆ.

"ಮೇಷ್ಟ್ರು ನಂಗೆ ದೇವ್ರಿದ್ದಂಗೆ ಮೇಡಂ. ಆದ್ರೂ ಸತ್ತೋರು ಮಗಳ ಬೆನ್ನಿಂದೆ ನಿಂತವ್ರೆ ಅಂದ್ರೆ ಯಾವ ಅಪ್ಪ ಸುಮ್ನಿರ್ತಾನೆ?"

ಬೇರೆ ಶಾಲೆಗೆ ಹಾಕುತ್ತೀಯಾ ಎಂದು ಮೇಡಂ ಕೇಳಿದರು. ಮುಂದಿನ ವರ್ಷ ನೋಡೋಣ ಎಂದ. ಅವನ ಹೆಂಡತಿ ರೂಪಾಳಿಗೆ ಮಣಿಕಟ್ಟು ನೋವು, ಅಲ್ಲಿಯವರೆಗೆ ಹುಡುಗಿ ಕಂಡಿಕೆ ಸುತ್ತಿಕೊಂಡಿರಲಿ ಎಂದ. ಕಂಡಿಕೆಯೆಂದರೆ ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯೊಳಗೆ ಕೂರುವ ನೂಲಿನ ಸಣ್ಣ ಕಡ್ಡಿ. ನಮ್ಮ ಬೀದಿಯಲ್ಲಿ ಎಷ್ಟೋ ಹುಡುಗಿಯರು ಹೀಗೆ ಕಂಡಿಕೆ ಸುತ್ತಲು ಕೂತಿದ್ದಾರೆ. ಎದ್ದು ಮತ್ತೆ ಶಾಲೆಗೆ ಬಂದವಳನ್ನು ನಾನು ನೋಡಿಲ್ಲ. ನನ್ನ ಬಾಯಿಂದ ಹೊರಟ ಸುದ್ದಿ ಆ ಹುಡುಗಿಯನ್ನು ರಾಟೆಯ ಮುಂದೆ ಕೂರಿಸಿತು.

ಅನಸೂಯ ಮೇಡಂ ನನ್ನನ್ನು ಕರೆದು, ನಿಮ್ಮ ಬೀದಿ, ನಿಮ್ಮ ಜನ, ನೀನೇ ಹೋಗಿ ಮಾತಾಡು, ನೀನು ಹೇಳಿದರೆ ಕೇಳಿಯಾನು ಎಂದರು. ನಾನು ಆಗಲಿ ಎಂದೆ. ಧೈರ್ಯ ಎಲ್ಲಿಂದ ಬಂತೆಂದರೆ, ಅವನ ಮನೆಯಲ್ಲಿ ನಾಲ್ಕು ಮಗ್ಗ. ಶನಿವಾರ ಮಧ್ಯಾಹ್ನ ಮಗ್ಗ ಜೋರಾಗಿ ಓಡುವ ಹೊತ್ತು ನೋಡಿ ಹೋದರೆ ಅವನ ಕಿವಿಗೆ ಬಾಯಿಟ್ಟು ಎಲ್ಲವನ್ನೂ ಹೇಳಿಬಿಡಬಹುದು. ಆ ಖಟಖಟದಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಹೇಳಿಕೊಂಡು ಹೋದೆ.

ಒಂದನ್ನು ಮರೆತಿದ್ದೆ, ಈಗ ನಾನು ಮೇಷ್ಟ್ರ ಜಾಗದವಳು. ನಾನು ಆ ಬೀದಿಯ ಹುಡುಗಿ, ಲಂಗ ಹಾಕಿಕೊಂಡು ಎಲ್ಲರ ಮನೆಯ ಮಗ್ಗದ ಸಂದಿಯಲ್ಲಿ ಓಡಾಡಿದವಳು. ನನಗೆ ಯಾರು ಮಗ್ಗ ನಿಲ್ಲಿಸುತ್ತಾರೆ ಎಂದುಕೊಂಡಿದ್ದೆ.

ನಾನು ಹೊಸ್ತಿಲು ದಾಟಿದೆ. ಯೋಗಾನಂದ ಒಮ್ಮೆ ನನ್ನನ್ನು ನೋಡಿದ, ಹೆಗಲ ಮೇಲಿನ ಟವೆಲ್ಲು ತೆಗೆದ, ಗೋಡೆಯ ಹತ್ತಿರ ಹೋಗಿ ಸ್ವಿಚ್ಚು ಆರಿಸಿದ. ಒಂದು, ಎರಡು, ಮೂರು, ನಾಲ್ಕು. ಬೇಡ ಎಂದು ಕೈಯೆತ್ತಿದೆ. ಅವನು ಅದನ್ನು ಸಂಕೋಚ ಎಂದುಕೊಂಡ. ರೂಪ ಚಾಪೆ ಹಾಸಿದಳು, ನೀರು ಕೊಟ್ಟಳು. ಟೀಚರು ಬಂದಿದ್ದಾರೆಂದು ತಿಳಿದು ಗೋಡೆಯಾಚೆಯ ಮನೆಯ ಮಗ್ಗವೂ ನಿಂತಿತು. ಅದರ ಆಚೆಯದೂ ನಿಂತಿತು. ಅವರಿಗೆ ಮರ್ಯಾದೆ ಎಷ್ಟೋ, ನಾವೇನು ಮಾತಾಡುತ್ತೇವೆ ಎಂಬ ಕುತೂಹಲವೂ ಅಷ್ಟೇ. ನೋಡನೋಡುತ್ತಾ ಬೀದಿಯೇ ನಿಂತಿತು. ಕರೆಂಟಿದ್ದೂ ಬಿದ್ದ ಅಂಥ ಮೌನವನ್ನು ನಾನು ಮೇಷ್ಟ್ರು ಸತ್ತ ಬೆಳಗ್ಗೆ ಬಿಟ್ಟರೆ ಮತ್ತೆ ಕೇಳಿರಲಿಲ್ಲ.

ರಮ್ಯ ಮೂಲೆಯಲ್ಲಿ ರಾಟೆಯ ಮುಂದೆ ಕೂತಿದ್ದಳು. ಕೈಯಲ್ಲಿ ನೀಲಿ ನೂಲು. ನನ್ನನ್ನು ನೋಡಿದಳು.

"ಹೇಳಿ ಮಿಸ್" ಎಂದ ಯೋಗಾನಂದ.

ದಾರಿಯುದ್ದಕ್ಕೂ ಹೇಳಿಕೊಂಡು ಬಂದದ್ದರಲ್ಲಿ ಒಂದಕ್ಷರವೂ ನಾಲಗೆಗೆ ಬರಲಿಲ್ಲ. ಲೋಟದ ನೀರು ಕುಡಿದೆ. ಖಾಲಿ ಲೋಟವನ್ನು ಮತ್ತೆ ಕುಡಿದೆ. ರಮ್ಯ, ಎಂದು ಒಂದು ಹೆಸರು ಹೊರಟಿತು, ಅಷ್ಟೇ. ಆಗ ನಿಂತಿದ್ದ ಮಗ್ಗಗಳ ನಡುವಿನಿಂದ ಅದು ಬಂತು. ಟಕ ಟಕ. ಟಕ ಟಕ. ಮರದ ಮೇಲೆ ಮರ.

ಯೋಗಾನಂದನ ಮುಖ ಬಿಳಿಚಿಕೊಂಡಿತು. ಅವನು ಸ್ವಿಚ್ಚಿನ ಕಡೆ ನೋಡಿದ, ನಾಲ್ಕೂ ಆರಿದ್ದವು. ಇಲ್ಲಿಗೂ ಬಂದ್ರಾ ಎಂದು ಮೆಲ್ಲಗೆ ಅಂದು, ಮಗುವನ್ನು ಒಳಗೆ ಕರೆದುಕೊಂಡು ಹೋಗು ಎಂದು ರೂಪಾಳಿಗೆ ಸನ್ನೆ ಮಾಡಿದ. ರೂಪ ಎದ್ದು ರಮ್ಯಳ ತೋಳು ಹಿಡಿದಳು. ರಮ್ಯ ತೋಳು ಬಿಡಿಸಿಕೊಂಡು ಎದ್ದು ನಿಂತಳು. ಅವಳ ದನಿ ದೊಡ್ಡದೂ ಆಗಿರಲಿಲ್ಲ, ಸಣ್ಣದೂ ಆಗಿರಲಿಲ್ಲ.

"ಅಪ್ಪಾ, ಅದು ನಂಗಲ್ಲ. ನಂದು ಮೇಷ್ಟ್ರು ಮುಗಿಸವ್ರೆ, ಗಣೇಶನ ಹಬ್ಬಕ್ಕೆ ಮುಂಚೇನೇ. ಆಗ್ಲೇ ನಿಲ್ಸಿದ್ದೆ ಕಣಮ್ಮ ಅಂತ ನಂಗೂ ಅಂದವ್ರೆ. ಇದು ಮಿಸ್ ಬಾಯಿ ಕಟ್ಟಿದಾಗ್ಲೆ ಬರೋದು. ಕ್ಲಾಸಲ್ಲೂ ಅಷ್ಟೇ, ಮಿಸ್ ಮಾತು ನಿಂತ್ರೆ ಬರುತ್ತೆ."

ನನ್ನ ಕಡೆ ತಿರುಗಿ ಮತ್ತೊಂದು ಮಾತು ಹೇಳಿದಳು. ಅದರಲ್ಲಿ ಸಿಟ್ಟಿರಲಿಲ್ಲ.

"ನಾನು ಕ್ಲಾಸಲ್ಲಿ ಸುಮ್ನಿರ್ತಿದ್ದಿದ್ದು ಮಾತು ಬರ್ದೇ ಅಲ್ಲ ಮಿಸ್. ನೀವು ಪ್ರಶ್ನೆ ಕೇಳಿ ನೀವೇ ಉತ್ರ ಹೇಳ್ಬಿಡ್ತಿದ್ರಿ."

ನನ್ನ ಕಿವಿ ಕೆಂಪಾಯಿತು. ಅವಳು ಹೇಳಿದ್ದರಲ್ಲಿ ಒಂದು ಚೂರೂ ಸುಳ್ಳಿರಲಿಲ್ಲ. ಪ್ರಶ್ನೆ ಕೇಳಿದ ಮೇಲೆ ಮಕ್ಕಳು ಯೋಚಿಸುವ ಆ ಒಂದು ಗಳಿಗೆಯ ಮೌನವನ್ನು ನನ್ನಿಂದ ತಡೆಯಲಾಗುತ್ತಿರಲಿಲ್ಲ, ನಾನೇ ತುಂಬಿಬಿಡುತ್ತಿದ್ದೆ. ಇಷ್ಟು ದಿನ ಆ ಹುಡುಗಿಯ ಪಾಠ ಬಾಕಿಯಿದೆ ಎಂದು ಮರುಗಿದ್ದೆ, ಊರೆಲ್ಲ ಹೇಳಿದ್ದೆ. ಬಾಕಿ ಇದ್ದದ್ದು ನನ್ನದು. ಅವರು ಸಿಹಿ ಕೊಡುತ್ತಾ ಅದನ್ನು ನನ್ನ ಮುಖಕ್ಕೇ ಹೇಳಿದ್ದರು, ನಾನೆಲ್ಲೂ ಹೋಗಲ್ಲ ಎಂದೂ ಹೇಳಿದ್ದರು. ಹೇಳಿದಂತೆ ಹೋಗಿರಲಿಲ್ಲ. ಸತ್ತ ಮೇಲೂ ಆ ಮನುಷ್ಯ ನನಗಾಗಿ ಕೈ ನೋಯಿಸಿಕೊಂಡು ಬಡಿಯುತ್ತಿದ್ದರು. ಹೆದರಿಕೆ ಎಲ್ಲಿ ಹೋಯಿತೋ ತಿಳಿಯದು, ನನಗೆ ಅಳು ಬಂತು.

ಟಕ ಟಕ ಇನ್ನೂ ಬರುತ್ತಿತ್ತು. ಲೋಟ ಕೆಳಗಿಟ್ಟೆ. ಯೋಗಾನಂದನ ಮುಖ ನೋಡಿದೆ. ಮೊದಲು ಹೊರಟ ಮಾತು ನಾನು ಕಲಿತು ಬಂದದ್ದಲ್ಲ. ನನಗೆ ಸದ್ದಿಲ್ಲದೆ ಮಾತು ಬರುವುದಿಲ್ಲ, ಇದು ನನ್ನ ಹಿಂದೆ ಬಂದದ್ದು, ನಿಮ್ಮ ಮಗಳಿಗೂ ಇದಕ್ಕೂ ಸಂಬಂಧವಿಲ್ಲ, ಪಾಪಕ್ಕನಿಗೆ ಹೇಳಿದ್ದು ನನ್ನ ದಡ್ಡತನ ಎಂದೆ. ತಡವರಿಸಿದೆ, ಮತ್ತೆ ಹೇಳಿದೆ. ಆಮೇಲೆ ತಾತನ ಮಾತು ಹೇಗೆ ಬಂತೋ ಗೊತ್ತಿಲ್ಲ. ತಾತ ಸೀರೆ ಗಂಟು ಹೊತ್ತು ಬೆಂಗಳೂರಿಗೆ ಹೋಗುವಾಗ ನನ್ನನ್ನೂ ಒಮ್ಮೆ ಕರೆದುಕೊಂಡು ಹೋಗಿದ್ದರು. ಬೀದಿಯಲ್ಲಿ ಹುಲಿಯ ಹಾಗೆ ಗದರುವ ತಾತ ಅಲ್ಲಿ ಮೆತ್ತನೆಯ ಹಾಸು ಹಾಕಿದ ಸಾಹುಕಾರರ ಸೀರೆ ಅಂಗಡಿಯಲ್ಲಿ ಬಾಯಿ ಹೊಲಿದುಕೊಂಡು ಕೂತಿದ್ದರು. ಅದನ್ನು ಹೇಳಿದೆ.

"ನೀವೂ ಹೋಗ್ತೀರಲ್ಲ ಯೋಗಣ್ಣ. ಸೀರೆ ಬಿಚ್ಚಿ ಇಲ್ಲಿ ಗೆರೆ ಐತೆ, ಅಲ್ಲಿ ಗೆರೆ ಐತೆ ಅಂತಾರೆ. ನೀವೇನಂತೀರಾ? ಏನೂ ಅನ್ನಲ್ಲ. ಅಲ್ಲಿ ಮಗ್ಗ ಇರಲ್ಲ, ನಮ್ಮ ಬಾಯಿ ಏಳಲ್ಲ. ಈಗ ನಿಮ್ಮ ಮಗಳು ಮಗ್ಗ ನಿಂತಿರೋ ಮನೇಲಿ, ಬೀದಿಯೆಲ್ಲ ಕೇಳೋ ಹಂಗೆ, ನೀವು ಒಳಗೆ ಕಳ್ಸಿದ್ರೂ ಎದ್ದು ನಿಂತು ಮಾತಾಡಿದ್ಲು. ನನ್ನ ಮುಖಕ್ಕೇ ನನ್ನ ತಪ್ಪು ಹೇಳಿದ್ಲು. ಅದು ನಮ್ಮ ತಾತನ ಕೈಲಿ ಆಗ್ಲಿಲ್ಲ, ನಿಮ್ಮ ಕೈಲಿ ಆಗ್ಲಿಲ್ಲ, ನನ್ನ ಕೈಲಿ ಇವತ್ತಿನವರ್ಗೂ ಆಗಿಲ್ಲ. ಅಂಥೋಳನ್ನ ಕಂಡಿಕೆಗೆ ಕೂರಿಸ್ಬೇಡಿ."

ಇನ್ನೂ ಏನೇನೋ ಹೇಳಿದೆ. ಹೈಸ್ಕೂಲಿನ ವಿಷಯ ಹೇಳಿದೆ, ರೂಪಾಳ ಕೈಗೆ ಎಣ್ಣೆ ಹೇಳಿದೆ, ಸಂಜೆ ಬಂದು ಕಂಡಿಕೆ ನಾನೇ ಸುತ್ತಿಕೊಡುತ್ತೇನೆ, ಮರೆತಿಲ್ಲ ಎಂದೂ ಹೇಳಿದೆ. ರೂಪ ಅದಕ್ಕೆ ನಕ್ಕಳು. ನನ್ನ ಮಾತು ಮುಗಿದಾಗ ಯೋಗಾನಂದ ಮಗ್ಗದ ಮೇಲಿನ ಸೀರೆಯನ್ನು ಬೆರಳಿನಿಂದ ಸವರುತ್ತಿದ್ದ. ನಾನು ಬಂದಾಗ ಮಗ್ಗ ನಿಂತ ಜಾಗ, ಅಲ್ಲಿ ಗೆರೆ ಬೀಳುವುದು ಖಂಡಿತ.

"ನಾನು ಮೇಷ್ಟ್ರ ಮೊದಲ್ನೇ ವರ್ಷದೋನು" ಎಂದ ಅವನು. "ನಂಗೆ ಬರೀ ಕಿವಿ ಹಿಂಡಿದ್ರು. ಆ ಡಸ್ಟರು ಬರೋಷ್ಟ್ರಲ್ಲಿ ನಾನು ಇಲ್ಲಿ ಕೂತ್ಬಿಟ್ಟಿದ್ದೆ."

ಅಷ್ಟು ಹೇಳಿ ಸುಮ್ಮನಾದ. ಆ ಮೌನವನ್ನು ನಾನು ತುಂಬಲು ಹೋಗಲಿಲ್ಲ. ಕೂತಿದ್ದೆ. ಎಷ್ಟೋ ಹೊತ್ತಾದ ಮೇಲೆ ಅವನು ಮಗಳ ಕಡೆ ನೋಡಿ, ಸೋಮವಾರ ಹೋಗು ಎಂದ. ರೂಪ ಬಂದು ರಮ್ಯಳ ಕೈಯಿಂದ ನೀಲಿ ನೂಲು ತೆಗೆದುಕೊಂಡಳು.

ನಾನು ಎದ್ದೆ. ರಮ್ಯ ಬಾಗಿಲವರೆಗೆ ಬಂದಳು. ಹೊಸ್ತಿಲ ಮೇಲೆ ನಿಂತು ಒಳಗೆ ತಿರುಗಿ ನೋಡಿದೆ. ಮಗ್ಗಗಳು ಹಾಗೇ ನಿಂತಿದ್ದವು. ಗೋಡೆಯಾಚೆಯೂ ಸದ್ದಿರಲಿಲ್ಲ, ಬೀದಿಯಲ್ಲೂ ಇರಲಿಲ್ಲ. ಎದುರು ಮನೆಯಲ್ಲಿ ಯಾರೋ ಪಾತ್ರೆ ಇಟ್ಟದ್ದು ಕೇಳಿಸಿತು. ಕಿವಿಗೊಟ್ಟೆ. ಮತ್ತೆ ಮತ್ತೆ ಕಿವಿಗೊಟ್ಟೆ.

"ಮೇಷ್ಟ್ರು?" ಎಂದೆ ರಮ್ಯಳಿಗೆ.

ಅವಳು ನನ್ನ ಮುಖ ನೋಡಿದಳು. ಎರಡೂ ಅಂಗೈ ಬಿಚ್ಚಿ ತೋರಿಸಿದಳು. ಬೆರಳ ತುದಿಯಲ್ಲಿ ನೂಲಿನ ನೀಲಿ ಹತ್ತಿತ್ತು.

"ಆಗ್ಲೇ ನಿಲ್ಸಿದ್ರು ಮಿಸ್. ನೀವು ನಿಮ್ಮ ತಾತಂದು ಹೇಳ್ತಿದ್ರಲ್ಲ, ಆಗ್ಲೇ."